ಶಂಕರಪುರದ ಬಾವಿಯ ಸುಣ್ಣ

ಮುರಕಲ್ಲಿನ, ಎಂದರೆ ಕೆಂಪು ಜಂಬಿಟ್ಟಿಗೆಯ, ಬಾವಿಯ ನೀರಿನಲ್ಲಿ ಸಾಬೂನು ಹಚ್ಚಿಕೊಂಡರೆ ಎಷ್ಟು ತೊಳೆದರೂ ಕೈಯ ಜಾರು ಹೋಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಹುಟ್ಟಿದವರಿಗೆಲ್ಲ ಇದು ಗೊತ್ತು, ಯಾಕೆ ಹಾಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಅದನ್ನು ಕೇಳುವುದೇ ನನ್ನ ಸಂಬಳದ ಕೆಲಸವಾಗಿತ್ತು. ಕಾಪುವಿನ ಕಡಲ ದಂಡೆಯಿಂದ ಕಾರ್ಕಳದ ಬಂಡೆಗಳವರೆಗೆ ದಾರಿಯುದ್ದದ ಬಾವಿಗಳ ನೀರು ತಂದು, ಯಾವ ಕಲ್ಲು ತನ್ನೊಳಗಿನ ಯಾವ ಖನಿಜವನ್ನು ನೀರಿಗೆ ಕೊಡುತ್ತದೆ ಎಂದು ನೋಡುವ ಒಂದು ಸರ್ವೆಯಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಮಣಿಪಾಲದಲ್ಲಿ ಒಂದು ಬಾಡಿಗೆ ಮನೆ, ಅದರ ಅಡುಗೆಕೋಣೆಯೇ ನಮ್ಮ ಲ್ಯಾಬು. ಮನೆಯಲ್ಲಿ ಅಮ್ಮ ಒಲೆ ಊದುವ ಹೊತ್ತಿಗೆ ನಾನು ಇಲ್ಲಿ ಒಲೆಕಟ್ಟೆಯ ಮೇಲೆ ಹನಿ ಅಳೆಯುವ ಗಾಜಿನ ಕೊಳವೆ, ಬ್ಯುರೆಟ್ಟು, ನಿಲ್ಲಿಸಿಕೊಂಡಿರುತ್ತಿದ್ದೆ.

ಕೆಲಸಕ್ಕೆ ನಾವು ಮೂವರು. ಘಟ್ಟದ ಮೇಲಿನ ಊರಿನಿಂದ ಬಂದ ಭೂವಿಜ್ಞಾನಿಯೊಬ್ಬರು ಸರ್ವೆಯ ಮುಖ್ಯಸ್ಥರು. ಜೀಪು ಓಡಿಸಲು ಕಾಪುವಿನ ಒಬ್ಬ ಹಿರಿಯ ಬ್ಯಾರಿ ಮುಸ್ಲಿಮರು, ನಾನು ಅವರನ್ನು ಕಾಕ ಎಂದು ಕರೆಯುತ್ತಿದ್ದೆ. ಮೂರನೆಯವಳು ನಾನು. ಮುಖ್ಯಸ್ಥರ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅವರ ಮೇಲೆ ನನಗಿದ್ದಷ್ಟು ಗೌರವ ನಮ್ಮಪ್ಪನ ಮೇಲೂ ಇರಲಿಲ್ಲ. ಕಲ್ಲನ್ನು ಒಡೆದು, ಭೂತಗನ್ನಡಿ ಕೊಟ್ಟು, ಇದು ಫೆಲ್ಡ್‌ಸ್ಪಾರ್, ಇದು ಅಭ್ರಕ ಎಂದು ಎಷ್ಟು ಸಲ ಕೇಳಿದರೂ ಬೇಸರಿಸದೆ ತೋರಿಸುತ್ತಿದ್ದರು. ಕಾಲೇಜಿನಲ್ಲಿ ಬರೀ ಸಮೀಕರಣವಾಗಿದ್ದ ವಿದ್ಯೆ ಅವರ ಕೈಯಲ್ಲಿ ಮಣ್ಣಿನ ವಾಸನೆ ಪಡೆಯಿತು. ನೀರಿನಲ್ಲಿ ಏನು ಕಂಡರೂ, ಇದನ್ನು ಕೊಡುವ ಕಲ್ಲು ಎಲ್ಲಿದೆ ಎಂದು ಮೊದಲು ಕೇಳು ಎಂಬುದು ಅವರು ಕಲಿಸಿದ ಪಾಠ.

ಕಾರ್ಕಳದ ಕಡೆ ಆ ಪ್ರಶ್ನೆಗೆ ಉತ್ತರ ಸುಲಭ. ಅಲ್ಲಿ ಶಿಲೆಕಲ್ಲು, ಗ್ರಾನೈಟು. ಅದರ ಫೆಲ್ಡ್‌ಸ್ಪಾರ್ ನಿಧಾನವಾಗಿ ಕರಗಿ ನೀರಿಗೆ ಕ್ಯಾಲ್ಸಿಯಂ, ಸೋಡಿಯಂ ಕೊಡುತ್ತದೆ, ಜೊತೆಗೆ ಸಿಲಿಕವನ್ನೂ ಕೊಡುತ್ತದೆ. ಅವು ಜೋಡಿಯಾಗಿಯೇ ಬರುವುದು. ಕಾಪುವಿನ ದಂಡೆಯಲ್ಲಿ ಉಪ್ಪಿನ ಅಂಶ ಕಂಡರೆ ಕಡಲು ಪಕ್ಕದಲ್ಲೇ ಉಂಟು. ನಡುವಿನ ಮುರಕಲ್ಲು ಪ್ರದೇಶ ಮಾತ್ರ ಬೇರೆ. ಅಲ್ಲಿ ಯಾವುದೋ ಕಾಲದಿಂದ ಮಳೆ ಸುರಿದು ಸುರಿದು ಕರಗುವಂಥದ್ದೆಲ್ಲ ಕರಗಿ ಹೋಗಿದೆ, ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ನೀರಿಗೆ ಕೊಡಲು ಆ ಕಲ್ಲಿನ ಬಳಿ ಹೆಚ್ಚೇನೂ ಇಲ್ಲ. ಅಲ್ಲಿನ ನೀರು ಮೆದು, ಸ್ವಲ್ಪ ಹುಳಿ. ಮಳೆಗಾಲ ಮುಗಿದ ಮೇಲೆ ನಾವು ಮಾಡಿದ ಮೊದಲ ಸುತ್ತಿನಲ್ಲಿ ಶಂಕರಪುರದ ಬಾವಿಗಳೆಲ್ಲ ಹಾಗೆಯೇ ಇದ್ದವು.

ಆ ಬಾವಿಗಳಲ್ಲಿ ಒಂದು ಒಬ್ಬ ಕೊಂಕಣಿ ಕ್ರಿಶ್ಚಿಯನ್ ಹೆಂಗಸಿನದು. ಗಂಡ ಕುವೈತಿನಲ್ಲಿ, ಮನೆಯಲ್ಲಿ ಎದೆಯೆತ್ತರಕ್ಕೆ ಬೆಳೆದ ಇಬ್ಬರು ಹೆಣ್ಣುಮಕ್ಕಳು, ಅಂಗಳದ ಸುತ್ತ ಮಲ್ಲಿಗೆ. ಊರಿನವರು ಕರೆಯುವ ಹಾಗೆ ನಾನೂ ಬಾಯಮ್ಮ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ನಾನು ಟೀಚರ್ ಅಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹೋದಾಗಲೆಲ್ಲ ತಾಯಿ ಮಕ್ಕಳು ಮೊಗ್ಗಿನ ರಾಶಿಯ ಮುಂದೆ ಕೂತು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರು. ಏಜೆಂಟ್ ಬಂದು ನಾಲ್ಕು ಚೆಂಡಿಗೆ ಒಂದು ಅಟ್ಟೆಯ ಲೆಕ್ಕದಲ್ಲಿ ಒಯ್ಯುವ ಮೊದಲು ಮುಗಿಯಬೇಕು. ಆ ಅವಸರದಲ್ಲೂ ಒಂದು ತುಂಡು ಕಿತ್ತು ನನ್ನ ಜಡೆಗೆ ಸಿಕ್ಕಿಸದೆ ಕಳಿಸುತ್ತಿರಲಿಲ್ಲ. ಜೀಪಿನಲ್ಲಿ ಮಣಿಪಾಲದವರೆಗೂ ಘಮಘಮ. ಕಾಕ ಮಾತ್ರ, ನೀರು ತರ್ಲಿಕ್ಕೆ ಹೋದದ್ದೋ ಮದುವೆಗೆ ಹೋದದ್ದೋ ಎಂದು ಗೇಲಿ ಮಾಡುತ್ತಿದ್ದರು.

ಬಾಯಮ್ಮನಿಗೆ ಒಂದೇ ಚಿಂತೆ. ಸರ್ವೆಯವರು ಕೊನೆಗೆ ಎಲ್ಲೋ ಒಂದು ಕಡೆ ಬೋರ್ ಕೊರೆದು ನೋಡುತ್ತಾರೆಂದು ಅವರಿಗೆ ಸುದ್ದಿ ಸಿಕ್ಕಿತ್ತು. ಒಮ್ಮೆ ಬಾವಿಕಟ್ಟೆಯ ಬಳಿ ನನ್ನನ್ನು ನಿಲ್ಲಿಸಿ ಕೇಳಿದರು.

"ಟೀಚರ್, ನನಗೆ ಇದು ಒಂದೇ ಬಾವಿ. ಇಲ್ಲಿ ಬೋರ್ ಹಾಕಿದರೆ ಇದಕ್ಕೆ ಎಂತ ಆಗ್ತದೆ? ನಿಜ ಹೇಳಿ."

ನಿಜವನ್ನೇ ಹೇಳಿದೆ. ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು, ಬಿಳಿ ಜೇಡಿ, ಉಂಟು. ನಿಮ್ಮ ಬಾವಿಯ ನೀರು ಅದರ ಮೇಲೆ ನಿಂತಿರುವುದು. ಬೋರ್ ಅದನ್ನು ತೂತು ಮಾಡಿ ಕೆಳಗಿನ ಬಂಡೆಗೆ ಹೋಗುತ್ತದೆ. ಮಡಕೆಯ ತಳ ತೂತಾದ ಹಾಗೆ ನೀರು ಇಳಿದು ಹೋದರೂ ಹೋಗಬಹುದು. ಸುಮ್ಮನೆ ಇಲ್ಲಿ ಕೊರೆಯಲು ಕಾರಣವಿಲ್ಲ, ಹಾಗೇನಾದರೂ ಬಂದರೆ ನಾನೇ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಯಾರಿಗೂ ಒಪ್ಪಿಗೆ ಕೊಡಬೇಡಿ ಎಂದೆ. ಅವರು ತಲೆಯಾಡಿಸಿದರು.

ಎರಡನೆಯ ಸುತ್ತು ಬೇಸಿಗೆಯಲ್ಲಿ. ಅದೇ ಬಾವಿಗಳು, ಅದೇ ಕ್ರಮ. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ಮತ್ತೆ ತುಂಬಿಸುವುದು, ಗಾಳಿ ಉಳಿಯದಂತೆ ಮುಚ್ಚುವುದು, ಕಬ್ಬಿಣ ನೋಡಲು ಬೇರೆ ಬಾಟಲಿಗೆ ಎರಡು ಹನಿ ಆಸಿಡ್. ಗಾಜಿನಿಂದ ಸಿಲಿಕ ನೀರಿಗೆ ಬರುತ್ತದೆಂದು ಪ್ಲಾಸ್ಟಿಕ್ ಬಾಟಲಿಯೇ ಬೇಕು. ಮಣಿಪಾಲಕ್ಕೆ ಬಂದು ನೀರಿನ ಗಡಸುತನ, ಎಂದರೆ ಅದರಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು, ನೋಡಲು ಕೂತೆ. ನೀರಿಗೆ ಬಣ್ಣದ ಸೂಚಕ ಹಾಕಿದರೆ ದ್ರಾಕ್ಷಿ ಕೆಂಪು. ಬ್ಯುರೆಟ್ಟಿನ ದ್ರಾವಣ ಹನಿ ಹನಿಯಾಗಿ ಬಿಟ್ಟರೆ ಎಲ್ಲಿ ನೀಲಿಗೆ ತಿರುಗುತ್ತದೋ ಅಲ್ಲಿಗೆ ಲೆಕ್ಕ. ಶಂಕರಪುರದ ನೀರು ನಾಲ್ಕು ಹನಿಗೇ ನೀಲಿಯಾಗಬೇಕಿತ್ತು. ಹಲವು ಬಾವಿಗಳದು ಆಗಲಿಲ್ಲ. ಬಿಡುತ್ತಲೇ ಹೋದೆ, ಕೆಂಪಾಗಿಯೇ ನಿಂತಿತ್ತು. ಬಾಯಮ್ಮನ ಬಾವಿಯದಂತೂ ಕಾರ್ಕಳದ ಬಂಡೆನೀರನ್ನೂ ಮೀರಿಸಿತು.

ಮೊದಲು ನನ್ನ ಮೇಲೆಯೇ ಅನುಮಾನ. ದ್ರಾವಣ ಹೊಸದಾಗಿ ಮಾಡಿದೆ. ಡಿಸ್ಟಿಲ್ಡ್ ನೀರಿಟ್ಟು ನೋಡಿದೆ, ಸರಿಯಾಗಿತ್ತು. ಕಾರ್ಕಳದ ಹಳೆಯ ಮಾದರಿ ಹಾಕಿದೆ, ಹಳೆಯ ಉತ್ತರವೇ ಬಂತು. ಕರೆಂಟು ಹೋಗಿ ಬಂದು ಮಾಡುತ್ತಿದ್ದರೂ ಬಿಡದೆ ಸಿಲಿಕವನ್ನೂ ನೋಡಿದೆ. ಸಿಲಿಕ ಏರಿರಲಿಲ್ಲ. ಕ್ಯಾಲ್ಸಿಯಂ ಜೋಡಿಯನ್ನು ಬಿಟ್ಟು ಒಂಟಿಯಾಗಿ ಬಂದಿತ್ತು.

ಮುಖ್ಯಸ್ಥರ ಮುಖ ಆವತ್ತು ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಿಲಿಕ ಇಲ್ಲದೆ ಕ್ಯಾಲ್ಸಿಯಂ ಎಂದರೆ ಶಿಲೆಯದ್ದಲ್ಲ, ಚಿಪ್ಪಿನದು ಎಂದರು. ಹಿಂದೆ ಯಾವ ಕಾಲದಲ್ಲೋ ಕಡಲು ಒಳಗೆ ಬಂದಿದ್ದಾಗ ಕೂತ ಚಿಪ್ಪಿನ ಪದರ ಮುರಕಲ್ಲಿನ ಕೆಳಗೆ ಹುದುಗಿರಬೇಕು, ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಆ ಪದರವನ್ನು ಮುಟ್ಟುತ್ತದೆ, ಅದಕ್ಕೇ ಮೊದಲ ಸುತ್ತಿನಲ್ಲಿ ಕಾಣಲಿಲ್ಲ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಅಂಥ ಪದರವನ್ನು ಇಲ್ಲಿ ಯಾರೂ ಈವರೆಗೆ ತೋರಿಸಿಲ್ಲ, ಇದು ನಮ್ಮಿಬ್ಬರ ಕೆಲಸವಾಗುತ್ತದೆ ಎಂದರು. 'ನಮ್ಮಿಬ್ಬರ' ಎಂದದ್ದಕ್ಕೆ ನಾನು ಉಬ್ಬಿಹೋದೆ. ಸುಳ್ಳು ಹೇಳುವುದು ಯಾಕೆ, ಆ ದಿನ ಉಡುಪಿಗೆ ಹೋಗಿ ಮಸಾಲೆ ದೋಸೆ ತಿಂದು ಬಂದೆ.

ಆದರೆ ಒಂದು ಸಂಗತಿ ಕೊರೆಯುತ್ತಿತ್ತು. ಪಕ್ಕಪಕ್ಕದ ಎರಡು ಬಾವಿಗಳಲ್ಲಿ ಒಂದಕ್ಕೆ ಕ್ಯಾಲ್ಸಿಯಂ ಉಂಟು, ಇನ್ನೊಂದಕ್ಕೆ ಇಲ್ಲ. ನೆಲದಡಿಯ ಪದರ ಬೇಲಿ ನೋಡಿಕೊಂಡು ನಿಲ್ಲುತ್ತದೆಯೇ? ಯಾರಿಗೂ ಹೇಳದೆ, ಒಂದು ಮಧ್ಯಾಹ್ನ ಬಸ್ಸು ಹಿಡಿದು ಕಟಪಾಡಿಯಲ್ಲಿ ಇಳಿದು ಶಂಕರಪುರಕ್ಕೆ ನಡೆದೆ. ಬಾಯಮ್ಮನ ಮನೆಯ ಕನ್ನಡಿ ಇಸಿದುಕೊಂಡು, ಬಾವಿಕಟ್ಟೆಯಲ್ಲಿ ನಿಂತು ಬಿಸಿಲನ್ನು ಒಳಗೆ ಹೊಡೆಸಿದೆ. ಬಾವಿಗೆ ಬಿದ್ದ ಸರ ಹುಡುಕುವಾಗ ಮಾಡುತ್ತಾರಲ್ಲ, ಹಾಗೆ. ನೀರು ಕಡಿಮೆಯಿತ್ತು. ತಳದಲ್ಲಿ, ಕೆಂಪು ಕಲ್ಲಿನ ಮೇಲೆ, ಬೆಳ್ಳಗೆ ಏನೋ ಹರಡಿತ್ತು.

ಬಾಯಮ್ಮ ನಾಚಿ ನಕ್ಕರು. ಮುಚ್ಚಿಡಲೇ ಇಲ್ಲ.

"ನೀವು ಮೇಲಿನವರನ್ನು ಕರ್ಕೊಂಡು ಬರ್ತೀರಿ ಅಂತ ಬ್ಯಾರಿ ಬಂದು ಹೇಳಿದ್ರು. ಬಾವಿ ಕೊಳಕಾಗಿದ್ರೆ ಮರ್ಯಾದೆ ಉಂಟಾ? ಕೆಸರು ತೆಗೆಸಿ ಸುಣ್ಣ ಹಾಕಿಸಿದೆ. ಕಲ್ಯಾಣಪುರದ ಮರುವಾಯಿ ಚಿಪ್ಪಿನ ಸುಣ್ಣ ಟೀಚರ್, ಒಳ್ಳೆಯದು."

ಚಿಪ್ಪು ಸಿಕ್ಕಿತು! ಮುರಕಲ್ಲಿನ ಅಡಿಯಲ್ಲಲ್ಲ, ಸ್ವರ್ಣಾ ನದಿಯ ದಂಡೆಯಲ್ಲಿ ಸುಟ್ಟು, ಡಬ್ಬದಲ್ಲಿ ತುಂಬಿ, ಬಸ್ಸಿನಲ್ಲಿ ಬಂದದ್ದು. ನಮ್ಮ ಕಡೆ ಹೆಣ್ಣು ನೋಡಲು ಬರುವವರಿದ್ದರೆ ಗೋಡೆಗೆ ಸುಣ್ಣ ಬಳಿಯುತ್ತಾರೆ, ಬಾವಿ ನೋಡಲು ಬರುವವರಿಗೆ ಬಾವಿಗೇ ಹಾಕಿದ್ದಾರೆ. ಬ್ಯಾರಿಕಾಕ ಮುಂಚಿತವಾಗಿ ತಿಳಿಸಿದ ಮನೆಗಳಲ್ಲೆಲ್ಲ ಹೀಗೆಯೇ ಆಗಿತ್ತು, ಮನೆಯಲ್ಲಿ ಜನ ಸಿಕ್ಕದೆ ಸುದ್ದಿ ಮುಟ್ಟದ ಬಾವಿಗಳ ನೀರು ಮೊದಲಿನ ಹಾಗೆಯೇ ಇತ್ತು. ಕಾಕನನ್ನು ಕೇಳಿದರೆ ಅವರಿಗೆ ಆಶ್ಚರ್ಯ. ಸಾರೇ ಹೇಳಿದ್ದು ಅಕ್ಕಾ, ದೊಡ್ಡವರು ಫೋಟೊ ತೆಗೀಲಿಕ್ಕೆ ಬರ್ತಾರೆ, ಬಾವಿ ಚೊಕ್ಕ ಮಾಡಿ ಇಡ್ಲಿಕ್ಕೆ ಹೇಳು ಅಂತ, ಎಂದರು.

ಆಗಲೂ ನನಗೆ ಮುಖ್ಯಸ್ಥರ ಮೇಲೆ ಅನುಮಾನ ಬರಲಿಲ್ಲ. ಘಟ್ಟದ ಮೇಲಿನವರು, ಚೊಕ್ಕ ಮಾಡುವುದೆಂದರೆ ಇಲ್ಲಿ ಸುಣ್ಣ ಹಾಕುವುದು ಎಂದು ಅವರಿಗೆ ಹೇಗೆ ಗೊತ್ತಿರಬೇಕು ಎಂದುಕೊಂಡೆ. ಆದರೂ ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಮಲ್ಲಿಗೆಗೆ ದಿನವೂ ನೀರು ಸೇದುವುದರಿಂದ ಬಾವಿ ಬರಿದಾಗಿ ಮತ್ತೆ ಊರುತ್ತಿತ್ತು. ವಾರ ವಾರ ಹೋಗಿ ನೀರು ತಂದೆ. ಮುಖ್ಯಸ್ಥರ ಪದರ ನಿಜವಾಗಿದ್ದರೆ ಬೇಸಿಗೆ ಏರಿದ ಹಾಗೆ ಕ್ಯಾಲ್ಸಿಯಂ ಏರಬೇಕಿತ್ತು. ಇದು ಪ್ರತಿ ವಾರ ಇಳಿಯುತ್ತಾ ಬಂತು. ಮಳೆ ಹಿಡಿಯುವ ಮೊದಲೇ ನಾಲ್ಕು ಹನಿಗೆ ನೀಲಿಯಾಗುವ ನೀರು ವಾಪಸು ಸಿಕ್ಕಿತು. ಕಲ್ಲು ಕೊಟ್ಟದ್ದಾದರೆ ಹೀಗೆ ಮುಗಿದುಹೋಗುತ್ತಿರಲಿಲ್ಲ.

ಎಲ್ಲವನ್ನೂ ಮುಖ್ಯಸ್ಥರ ಮೇಜಿನ ಮೇಲೆ ಇಟ್ಟು ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಉಜ್ಜಿಕೊಂಡರು. ಬೈಯಲಿಲ್ಲ, ವಾದ ಮಾಡಲಿಲ್ಲ. ಒಳ್ಳೆಯ ಕೆಲಸ ಮಾಡಿದ್ದೀರಿ, ಆ ಬಾವಿಗಳನ್ನು ಲೆಕ್ಕದಿಂದ ತೆಗೆದುಬಿಡುತ್ತೇನೆ, ಇನ್ನು ಇದನ್ನು ನನಗೆ ಬಿಡಿ ಎಂದರು. ಇಷ್ಟು ದೊಡ್ಡ ಕನಸನ್ನು ಸುಮ್ಮನೆ ಕೆಳಗಿಟ್ಟರಲ್ಲ ಎಂದು ಅವರ ಮೇಲಿನ ಗೌರವ ಇಮ್ಮಡಿಯಾಯಿತು. ಹೇಳಲಿಕ್ಕೆ ಈಗ ನಾಚಿಕೆಯಾಗುತ್ತದೆ.

ಮಳೆಗಾಲ ಕಳೆದ ಮೇಲೆ ಶಂಕರಪುರದ ಒಂದು ಶಾಲೆಯ ಹಾಲಿನಲ್ಲಿ ಸಭೆ. ಸರ್ವೆಯಲ್ಲಿ ಕಂಡದ್ದನ್ನು ಊರಿನವರಿಗೆ ತಿಳಿಸುವುದು, ಪರೀಕ್ಷೆಯ ಬೋರ್ ಎಲ್ಲಿ ಎಂದು ಹೇಳುವುದು. ಮಲ್ಲಿಗೆ ಬೆಳೆಯುವವರು, ಹೂವಿನ ಏಜೆಂಟರು, ಅಂಗಡಿಯವರು, ಹಣ ಕೊಟ್ಟ ಕಚೇರಿಯಿಂದ ಇಬ್ಬರು ದೊಡ್ಡವರು ಎಲ್ಲ ಬಂದಿದ್ದರು. ಬಾಯಮ್ಮ ಹಿರಿಮಗಳ ಜೊತೆ ಮುಂದಿನ ಬೆಂಚಿನಲ್ಲಿ ಕೂತಿದ್ದರು. ನಾನು ಗೋಡೆಯ ಪಕ್ಕದಲ್ಲಿ ನಿಂತಿದ್ದೆ.

ಮುಖ್ಯಸ್ಥರು ಒಂದು ದೊಡ್ಡ ನಕ್ಷೆ ಬಿಡಿಸಿದರು. ಕಾಪು, ಶಂಕರಪುರ, ಕಾರ್ಕಳ. ಮಧ್ಯದಲ್ಲಿ, ಮುರಕಲ್ಲಿನ ಕೆಳಗೆ, ನೀಲಿ ಪೆನ್ಸಿಲಿನಲ್ಲಿ ಎಳೆದ ಚಿಪ್ಪಿನ ಪದರ. ಅವರು ತೆಗೆದುಬಿಡುತ್ತೇನೆಂದಿದ್ದ ಬಾವಿಗಳು ಒಂದೂ ಬಿಡದೆ ಅದರ ಮೇಲೆ ಕೂತಿದ್ದವು. ನನಗೆ ಒಂದು ಕ್ಷಣ ತಪ್ಪಿ ಹಳೆಯ ನಕ್ಷೆ ತಂದಿದ್ದಾರೆಂದೇ ಅನ್ನಿಸಿತು. ಆಮೇಲೆ ಅವರು ನನ್ನ ಕಡೆ ಕೈ ತೋರಿಸಿ, ಇವರು ಪ್ರತಿಯೊಂದು ಬಾವಿಯ ನೀರನ್ನೂ ತಮ್ಮ ಕೈಯಾರೆ ಪರೀಕ್ಷೆ ಮಾಡಿದ್ದಾರೆ, ನಿಮಗೆಲ್ಲ ಗೊತ್ತಿರುವವರೇ ಎಂದು ನನ್ನ ಹೆಸರು ಹೇಳಿದರು. ಚಪ್ಪಾಳೆ ಬಿತ್ತು. ಬಾಯಮ್ಮ ಹಿಂದೆ ತಿರುಗಿ ನನ್ನನ್ನು ನೋಡಿ ಹೆಮ್ಮೆಯಿಂದ ನಕ್ಕರು. ಅವರಿಗೆ ನಕ್ಷೆ ಅರ್ಥವಾಗಿರಲಿಲ್ಲ. ಮುಂದಿನ ಮಾತಿಗೆ ಅರ್ಥವಾಯಿತು. ಬೋರ್ ಅವರ ಜಾಗದಲ್ಲೇ, ಬಾವಿಯಿಂದ ಸ್ವಲ್ಪ ಆಚೆಗೆ, ಯಾಕೆಂದರೆ ಸುಣ್ಣದಂಶ ಅಲ್ಲೇ ಅತಿ ಹೆಚ್ಚು.

ಅಲ್ಲಿಯವರೆಗೆ ನಾನು ಅವರೆದುರು ಜೋರಾಗಿ ಮಾತಾಡಿದವಳೇ ಅಲ್ಲ. ಸುಮ್ಮನಿದ್ದರೆ ನನ್ನ ಹೆಸರಿನಿಂದಲೇ ಆ ಬಾವಿ ಹೋಗುತ್ತದೆ ಎಂದು ಗೊತ್ತಾಯಿತು, ಮುಂದೆ ಬಂದೆ.

"ಸರ್, ಆ ಸುಣ್ಣ ನೆಲದಿಂದ ಬಂದದ್ದಲ್ಲ. ಬಾವಿ ಚೊಕ್ಕ ಮಾಡಿದಾಗ ಹಾಕಿದ್ದು. ನಿಮಗೆ ಆಗಲೇ ಹೇಳಿದ್ದೇನೆ."

ಮುಖ್ಯಸ್ಥರು ಸಿಟ್ಟಾಗಲಿಲ್ಲ. ಮಗುವಿಗೆ ಲೆಕ್ಕ ತಿದ್ದುವ ದನಿಯಲ್ಲಿ ಹೇಳಿದರು: "ಹಾಗಾದರೆ ಇಲ್ಲಿ ಕೂತವರಲ್ಲಿ ಯಾರೋ ಬಾವಿಗೆ ಸುಣ್ಣ ಸುರಿದು ಸರ್ವೆಗೆ ಮೋಸ ಮಾಡಿದ್ದಾರೆ ಅಂತ ಆಯಿತು. ಅವರನ್ನೇ ಕೇಳೋಣ." ಆಮೇಲೆ ಬಾಯಮ್ಮನ ಕಡೆ ತಿರುಗಿ, "ಅಮ್ಮಾ, ನೀವು ಹಾಗೆ ಮಾಡಿದ್ದೀರಾ?" ಎಂದರು.

ಬಾವಿಗೆ ಸುಣ್ಣ ಹಾಕುವುದು ಅಲ್ಲಿ ಕೂತಿದ್ದ ಪ್ರತಿ ಮನೆಯೂ ಮಾಡುವ ಕೆಲಸ. ಆದರೆ ಅವರು ಕೇಳಿದ್ದು ಅದನ್ನಲ್ಲ. ಮೋಸ ಮಾಡಿದ್ದೀರಾ ಎಂದು, ಹೂವಿನ ಏಜೆಂಟರ ಎದುರು, ನೆರೆಹೊರೆಯವರ ಎದುರು, ಮದುವೆಗೆ ಬಂದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ ಹೆಂಗಸನ್ನು ಕೇಳಿದರು. ಬಾಯಮ್ಮ ಎದ್ದು ನಿಂತರು. ನನ್ನನ್ನು ನೋಡಲಿಲ್ಲ.

"ಇಲ್ಲ ಸರ್. ನಮ್ಮ ಬಾವಿಗೆ ನಾವು ಎಂತದೂ ಹಾಕ್ಲಿಲ್ಲ."

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಬಾಗಿಲ ಬಳಿ ಕಾಕ ನಿಂತಿದ್ದರು. ಸುದ್ದಿ ಒಯ್ದವರೇ ಅವರು, ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅವರನ್ನು ನೋಡಿದೆ, ಅವರು ಜೀಪಿನ ಕೀಲಿಯನ್ನು ನೋಡಿಕೊಂಡರು. ವಾಪಸು ಬರುವಾಗ ಸಂತೆಕಟ್ಟೆಯಲ್ಲಿ ಏನೋ ಸಾಮಾನು ಇಳಿಸಬೇಕೆಂದು ಮುಖ್ಯಸ್ಥರು ಹೇಳಿದ್ದರಿಂದ ಜೀಪು ಮಣಿಪಾಲಕ್ಕೆ ತಿರುಗದೆ ಅಷ್ಟು ದೂರ ಸುತ್ತಿತು. ಇಡೀ ದಾರಿ ಮುಖ್ಯಸ್ಥರು ಮುಂದಿನ ಸೀಟಿನಲ್ಲಿ ಬೆಳೆಯ ಬಗ್ಗೆ, ಹವೆಯ ಬಗ್ಗೆ ಮಾತಾಡುತ್ತಿದ್ದರು. ಅವರು ಇಳಿದು ಅಂಗಡಿಯೊಳಗೆ ಹೋದಾಗ ಕಾಕ ತಿರುಗದೆಯೇ ಹೇಳಿದರು: "ಅಕ್ಕಾ, ನನಗೆ ಮಕ್ಕಳುಂಟು. ನನ್ನನ್ನು ಎಂತ ಮಾಡು ಹೇಳ್ತೀರಿ?"

ಮರುದಿನ ಮುಖ್ಯಸ್ಥರ ಕೋಣೆಗೆ ಹೋಗಿ, ಯಾಕೆ ಸರ್ ಎಂದಷ್ಟೇ ಕೇಳಿದೆ. ಬೋರ್ ಕೊರೆಯಲು ಒಂದು ಕಾರಣ ಬೇಕಿತ್ತು, ಕಾರಣವಿಲ್ಲದೆ ಸರ್ವೆ ಈ ವರ್ಷಕ್ಕೆ ಮುಚ್ಚಿಹೋಗುತ್ತಿತ್ತು, ಕೊರೆದ ಮೇಲೆ ಹೇಗೂ ನಿಜ ಗೊತ್ತಾಗುತ್ತದಲ್ಲ ಎಂದರು. ಕಲ್ಲನ್ನು ವಿವರಿಸುವಾಗ ಇದ್ದಷ್ಟೇ ಶಾಂತ ದನಿ. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ಅಲ್ಲಿಯವರೆಗೆ ಬಾಯಿಮಾತಿಗೆ ಹೇಳಿದವಳು ನಾನು. ಇದನ್ನು ಕೊಡುವ ಕಲ್ಲು ಎಲ್ಲಿದೆ ಎಂದು ಕೇಳಲು ಕಲಿಸಿದವರೇ ಇಲ್ಲದ ಕಲ್ಲನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ನನ್ನ ಕೆಲಸ ಆ ತಿಂಗಳಿಗೇ ಮುಗಿಯಿತು. ಹಣ ಕೊಟ್ಟ ಕಚೇರಿಗೆ ಹೋಗಿ ಹೇಳಿದೆ, ಬಾವಿಯ ಯಜಮಾನ್ತಿಯೇ ಇಲ್ಲ ಎಂದಿದ್ದಾರಲ್ಲ ಎಂದು ನನ್ನನ್ನು ಕಳಿಸಿದರು.

ಬಾಯಮ್ಮನ ಮನೆಗೂ ಹೋಗಿದ್ದೆ, ಬೋರ್ ಬೇಡ ಎಂದಾದರೂ ಹೇಳಿ ಎಂದು ಬೇಡಿಕೊಳ್ಳಲು. ಹಿರಿಮಗಳು ಬಾಗಿಲಿಗೆ ಬಂದು ಅಮ್ಮ ಇಗರ್ಜಿಗೆ ಹೋಗಿದ್ದಾರೆ ಎಂದಳು. ಒಳಗೆ ಹೂ ಕಟ್ಟುತ್ತಿದ್ದ ಅವರ ಸೆರಗು ನನಗೆ ಕಾಣುತ್ತಿತ್ತು. ಎಲ್ಲರೆದುರು ಇಲ್ಲ ಎಂದ ಮೇಲೆ ಬೇಡ ಎನ್ನಲು ಅವರಿಗೆ ಬಾಯಿ ಉಳಿದಿರಲಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದರು.

ಬೋರ್ ಕೊರೆದರು. ಆಗ ನಾನು ಉಡುಪಿಯಲ್ಲಿ ಬೇರೆ ಕೆಲಸಕ್ಕೆ ಸೇರಿದ್ದೆ, ಸುದ್ದಿ ಬಸ್ಸಿನಲ್ಲಿ ಸಿಕ್ಕವರಿಂದ ಬಂತು. ಮುರಕಲ್ಲು, ಶೇಡಿ ಮಣ್ಣು, ಅದರ ಕೆಳಗೆ ಶಿಲೆ. ಚಿಪ್ಪಿನ ಒಂದು ಚೂರೂ ಇಲ್ಲ. ಶಿಲೆಯ ಬಿರುಕಿನಲ್ಲಿ ಸಿಕ್ಕಿದ ಸ್ವಲ್ಪ ನೀರಿಗೆ ಕಬ್ಬಿಣದ ನಾತ, ಬಟ್ಟೆಗೆ ಬಿದ್ದರೆ ಕಲೆ. ಕೊಳವೆಯ ಬಾಯಿಗೆ ಒಂದು ಮುಚ್ಚಳ ಹಾಕಿ ಹೋದರಂತೆ. ಮುಖ್ಯಸ್ಥರು ಬೇರೆ ಜಿಲ್ಲೆಯ ಸರ್ವೆಗೆ ಹೋದರು.

ಮುಂದಿನ ಬೇಸಿಗೆಯಲ್ಲಿ ನಾನು ಮತ್ತೆ ಶಂಕರಪುರಕ್ಕೆ ಹೋದೆ. ಯಾಕೆ ಹೋದೆ ಎಂದರೆ ಸಿಟ್ಟಿನಿಂದ. ಕೈಚೀಲದಲ್ಲಿ ಅಭ್ಯಾಸಬಲದಿಂದ ಒಂದು ಪ್ಲಾಸ್ಟಿಕ್ ಬಾಟಲಿ ಹಾಕಿಕೊಂಡಿದ್ದೆ. ಗೇಟಿನ ಬಳಿಯ ಮಲ್ಲಿಗೆ ಗಿಡಗಳು ಕಡ್ಡಿಯಾಗಿದ್ದವು. ಬಾಯಮ್ಮ ಬಾವಿಕಟ್ಟೆಯಲ್ಲೇ ಇದ್ದರು, ಈ ಸಲ ಒಳಗೆ ಹೋಗಲಿಲ್ಲ. ನನ್ನ ಕೈಯ ಬಾಟಲಿ ನೋಡಿ, ಕೊಡಪಾನವನ್ನು ಬಾವಿಯೊಳಗೆ ಬಿಟ್ಟರು. ರಾಟೆ ಬಹಳ ಹೊತ್ತು ತಿರುಗಿತು. ಆಮೇಲೆ ಕೊಡಪಾನ ಕಲ್ಲಿಗೆ ಬಡಿದ ಸದ್ದು ಕೇಳಿಸಿತು. ಅವರು ಹಗ್ಗ ಎಳೆಯಲಿಲ್ಲ.

"ಆವತ್ತು ನೀವು ಇನ್ನೊಂದು ಸಲ ಕೇಳಬೇಕಿತ್ತು ಟೀಚರ್. ಎಲ್ಲರ ಎದುರು ಒಂದೇ ಸಲ ಕೇಳಿ ಬಿಟ್ಟುಬಿಟ್ರಿ."

ಕೆಲಸ ಕಳೆದುಕೊಂಡವಳು ನಾನು, ಊರೆದುರು ಸುಳ್ಳುಗಾತಿಯಾದವಳು ನಾನು. ಕೇಳಿದವಳು ನಾನಲ್ಲ ಎನ್ನಲು ಹೋದೆ, ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

"ಕೇಳಿದ್ದರೆ ಹೇಳ್ತಿದ್ರಾ ಬಾಯಮ್ಮ?"

ಅವರು ಒಣಬಾವಿಯೊಳಗೆ ನೋಡುತ್ತಾ ನಿಂತರು. ಮನೆಯೊಳಗಿಂದ ಯಾವ ಸದ್ದೂ ಇರಲಿಲ್ಲ, ಕಟ್ಟಲು ಹೂವಿರಲಿಲ್ಲ.

"ಇಲ್ಲ" ಎಂದರು.

ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿ ಚೀಲಕ್ಕೆ ಹಾಕಿಕೊಂಡೆ. ಗೇಟಿನವರೆಗೆ ಅವರೂ ಬಂದರು. ನನ್ನ ಜಡೆಯ ಕಡೆ ಅವರ ಕೈ ಒಮ್ಮೆ ಮೇಲೆದ್ದು, ಸುಮ್ಮನೆ ಕೆಳಗಿಳಿಯಿತು.